‘ಕ್ಲೇರಿಕುಸ್’ ಶಬ್ದ ವಿಚಾರ

 

ಹೆಸರೆಂಬುದು ಕೇವಲ ಕೂಗಿ ಕರೆಯುವುದಕ್ಕಾಗಿ ಇಟ್ಟ ಗುರುತಲ್ಲ. ಕೆಲವು ಹೆಸರುಗಳು ಅವನ್ನು ಹೊತ್ತವನ ಕರ್ತವ್ಯವನ್ನೂ ಸಾರಿ ಹೇಳುತ್ತವೆ. ಚಲಿಸುವವನೆಂಬ ಅರ್ಥವುಳ್ಳ ಜಂಗಮ ಶಬ್ದವನ್ನು ನಿತ್ಯವೂ ಕೇಳುವ ಈ ಸಭೆಗೆ ಇದು ಹೊಸ ಮಾತಲ್ಲ. ಪಾಶ್ಚಾತ್ಯ ದೇಶಗಳಲ್ಲಿಯೂ ಧರ್ಮಗ್ರಂಥಗಳನ್ನು ಓದಿ, ಪರರಿಗೆ ಬೋಧಿಸಿ, ಬೋಧಿಸಿದಂತೆ ತಾವೂ ನಡೆಯಬೇಕಾದವರಿಗೆ ಇಂತಹುದೇ ಒಂದು ಹೆಸರುಂಟು. ಲ್ಯಾಟಿನ್ ಭಾಷೆಯಲ್ಲಿ ಅದು ‘ಕ್ಲೇರಿಕುಸ್’. ಹಲವರಾದರೆ ‘ಕ್ಲೇರಿಕಿ’, ಅವರ ಸಮುದಾಯಕ್ಕೆ ‘ಕ್ಲೇರುಸ್’. ಈ ಶಬ್ದವು ಒಂದು ಮರದ ಚೂರಿನಲ್ಲಿ ಹುಟ್ಟಿ, ದೇವಾಲಯವನ್ನು ಸೇರಿ, ಪಾಠಶಾಲೆಯಲ್ಲಿ ಕುಳಿತು, ನ್ಯಾಯಸ್ಥಾನದಲ್ಲಿ ನಿಂತು, ಕಟ್ಟಕಡೆಗೆ ಕಚೇರಿಯ ಮೇಜಿನ ಮುಂದೆ ಬಂದು ಕುಳಿತಿತು. ತಾಲ್ಲೂಕು ಕಚೇರಿಯ ‘ಕ್ಲಾರ್ಕು’ ಎಂಬಾತನು ಈ ಶಬ್ದದ ವಂಶದವನೇ. ದೇವರ ಹೆಸರಿನೊಡನೆ ಹೊರಟ ಶಬ್ದವು ಇಲ್ಲಿಗೆ ಬಂದ ಬಗೆ ಯಾವುದು, ದಾರಿಯಲ್ಲಿ ಅದು ಗಳಿಸಿದುದೇನು, ಕಳೆದುಕೊಂಡುದೇನು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಶಬ್ದದ ಮೂಲವು ಗ್ರೀಕ ಭಾಷೆಯ ‘ಕ್ಲೇರೋಸ್’. ಇದಕ್ಕೆ ಮೊದಲ ಅರ್ಥ ಚೀಟು. ಎಂದರೆ, ಇಂತಹುದು ಇಂತಹವನಿಗೆ ಎಂದು ಗೊತ್ತುಮಾಡುವುದಕ್ಕಾಗಿ ಹಾಕುವ ಕಲ್ಲಿನ ಹರಳು, ಮಡಕೆಯ ಬಿಲ್ಲೆ ಅಥವಾ ಮರದ ತುಂಡು. ಮುರಿಯುವುದೆಂಬ ಅರ್ಥದ ಧಾತುವಿನಿಂದ ಇದು ಹುಟ್ಟಿತೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಹೋಮರನ ಈಲಿಯಡ್ ಮಹಾಕಾವ್ಯದ ೭ನೆಯ ಭಾಗದಲ್ಲಿ ಟ್ರಾಯದ ವೀರನಾದ ಹೆಕ್ಟರನು ದ್ವಂದ್ವಯುದ್ಧಕ್ಕೆ ಕರೆದಾಗ ಗ್ರೀಕರಲ್ಲಿ ಒಂಬತ್ತು ಮಂದಿ ವೀರರು ಎದ್ದು ನಿಲ್ಲುತ್ತಾರೆ. ಒಬ್ಬೊಬ್ಬನೂ ತನ್ನ ಚೀಟಿಗೆ ಒಂದು ಗುರುತುಮಾಡಿ ಅಗಮೆಮ್ನನನ ಶಿರಸ್ತ್ರಾಣದಲ್ಲಿ ಹಾಕುತ್ತಾನೆ. ಅದನ್ನು ಕುಲುಕಿದಾಗ ಹೊರಕ್ಕೆ ನೆಗೆದ ಚೀಟನ್ನು ಸಾರುವವನು ಎಲ್ಲರಿಗೂ ತೋರಿಸುತ್ತ ಬರುತ್ತಾನೆ. ಅಯಾಸನು ಮಾತ್ರವೇ ತನ್ನ ಗುರುತನ್ನು ಕಂಡುಕೊಳ್ಳುತ್ತಾನೆ. ಆ ಚೀಟುಗಳ ಮೇಲೆ ಹೆಸರುಗಳಿರಲಿಲ್ಲ, ಗುರುತುಗಳಿದ್ದವು. ಮಾಡಿದವನ ಹೊರತು ಮತ್ತಾರೂ ಅದನ್ನು ಓದಲಾರರು. ಮುಂದೆ ಓದುಬಲ್ಲವನೆಂಬ ಅರ್ಥವನ್ನು ಪಡೆಯಲಿದ್ದ ಶಬ್ದದ ಮೊದಲ ದೃಶ್ಯ ಹೀಗಿದೆ.

ಚೀಟು ಯಾರಿಗೆ ಬಂದಿತೋ ಅವರಿಗೆ ದೊರೆಯುವ ಭೂಮಿಗೂ ಕಾಲಕ್ರಮದಲ್ಲಿ ಅದೇ ಹೆಸರಾಯಿತು. ಭೂಮಿಯ ಪಾಲು, ಪಿತ್ರಾರ್ಜಿತ, ಬಾಧ್ಯತೆ ಇವೆಲ್ಲವೂ ‘ಕ್ಲೇರೋಸ್’ ಎನಿಸಿದವು. ಕನ್ನಡಿಗರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕನ್ನಡದ ‘ಪಾಲು’ ಎಂಬ ಶಬ್ದವು ಇದೇ ವಿಸ್ತಾರವುಳ್ಳದ್ದು. ಅಣ್ಣತಮ್ಮಂದಿರು ಹಂಚಿಕೊಳ್ಳುವ ಹೊಲವೂ ಪಾಲು. ಪಾಲಿಗೆ ಬಂದದ್ದು ಪಂಚಾಮೃತವೆಂಬ ಗಾದೆಯಲ್ಲಿ ದೈವವು ಒದಗಿಸಿದುದೂ ಪಾಲು. ಗತಿಯಿಲ್ಲದವನು ತನ್ನ ಪಾಲಿಗೆ ದೇವರಿದ್ದಾನೆ ಎಂದಾಗ ದೇವರೇ ಪಾಲು. ಈ ಮೂರು ಅರ್ಥಗಳನ್ನು ನೆನಪಿನಲ್ಲಿಟ್ಟುಕೊಂಡರೆ ಕ್ಲೇರಿಕುಸನ ಚರಿತ್ರೆಯು ಸುಲಭವಾಗಿ ತಿಳಿಯುವುದು.

ಈ ಮೂರನೆಯ ಅರ್ಥವು ಶಬ್ದಕ್ಕೆ ದೊರೆತುದು ಯೆಹೂದ್ಯರ ಧರ್ಮಗ್ರಂಥದಿಂದ. ಆ ಗ್ರಂಥವು ಕ್ರಿ. ಪೂ. ೩ನೆಯ ಶತಮಾನದಿಂದ ಮೊದಲುಗೊಂಡು ಗ್ರೀಕ ಭಾಷೆಗೆ ಪರಿವರ್ತಿತವಾಯಿತು. ಇಸ್ರಾಯೇಲರ ಕುಲಗಳಿಗೆ ದೇಶವನ್ನು ಹಂಚಿದಾಗ ಲೇವಿಯ ಕುಲದವರಿಗೆ ಮಾತ್ರ ಇತರರಂತೆ ಭೂಮಿಯ ಪಾಲನ್ನು ಕೊಡಲಿಲ್ಲವೆಂದು ಅದರಲ್ಲಿ ಹೇಳಿದೆ. ದೇವಸೇವೆಯೂ ಧರ್ಮಬೋಧೆಯೂ ಅವರ ವೃತ್ತಿ. ವಾಸಕ್ಕೆ ೪೮ ಊರುಗಳು, ಜೀವನಕ್ಕೆ ಜನರು ಸಲ್ಲಿಸುವ ದಶಮಾಂಶ. ಇಷ್ಟೇ ಅವರಿಗೆ ಏರ್ಪಟ್ಟುದು. ಹೊಲವಿಲ್ಲದ ಇವರ ಪಾಲು ಯಾವುದೆಂದರೆ ಸಾಕ್ಷಾತ್ ದೇವರೇ ಎಂದು ಧರ್ಮೋಪದೇಶಕಾಂಡದ ೧೮ನೆಯ ಅಧ್ಯಾಯವು ತಿಳಿಸುತ್ತದೆ. ಗ್ರೀಕ ಪಾಠದಲ್ಲಿ ಅಲ್ಲಿ ಬರುವ ಶಬ್ದವು ‘ಕ್ಲೇರೋಸ್’. ಇಲ್ಲದಿರುವುದೇ ಇರುವುದಾಯಿತು, ಬರಿಗೈಯೇ ಬಾಧ್ಯತೆಯಾಯಿತು.

ಅದೇ ಗ್ರಂಥದ ೯ನೆಯ ಅಧ್ಯಾಯದಲ್ಲಿ ಇನ್ನೊಂದು ಪ್ರಯೋಗವಿದೆ, ಇದನ್ನು ಮರೆಯತಕ್ಕುದಲ್ಲ. ಅಲ್ಲಿ ಮೋಶೆಯು ದೇವರನ್ನು ಪ್ರಾರ್ಥಿಸುತ್ತ, ಸಮಸ್ತ ಜನರನ್ನೂ ದೇವರ ‘ಲಾವೋಸ್’ ಎಂದೂ ದೇವರ ‘ಕ್ಲೇರೋಸ್’ ಎಂದೂ ಒಂದೇ ಉಸಿರಿನಲ್ಲಿ ಕರೆಯುತ್ತಾನೆ. ಲಾವೋಸ್ ಎಂದರೆ ಜನ. ಕ್ಲೇರೋಸ್ ಎಂದರೆ ಪಾಲು. ಈ ಎರಡು ಶಬ್ದಗಳಿಂದಲೇ ಮುಂದೆ ‘ಲಾಯಿಕುಸ್’ ಎಂದರೆ ಸಾಮಾನ್ಯ ಭಕ್ತ, ‘ಕ್ಲೇರಿಕುಸ್’ ಎಂದರೆ ಧರ್ಮಾಧಿಕಾರಿ ಎಂಬ ಎರಡು ವರ್ಗಗಳ ಹೆಸರುಗಳು ಹುಟ್ಟಿದವು. ಮೂಲದಲ್ಲಿಯಾದರೋ ಇವೆರಡೂ ಒಂದೇ ಜನಕ್ಕೆ ಸಂದ ಹೆಸರುಗಳು. ಹೆಸರಿನಲ್ಲಿ ಮೊದಲಿಲ್ಲದ ಗೋಡೆಯು ಕಾಲಾಂತರದಲ್ಲಿ ಎದ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಈ ಶಬ್ದವು ಎರಡು ಮುಖ್ಯ ಸ್ಥಳಗಳಲ್ಲಿ ಗಮನಾರ್ಹವಾಗಿದೆ. ಯೂದನು ಗುರುದ್ರೋಹವನ್ನು ಮಾಡಿ ಮಡಿದ ತರುವಾಯ ಅವನ ಸ್ಥಾನಕ್ಕೆ ಇಬ್ಬರ ಹೆಸರುಗಳನ್ನು ಸೂಚಿಸಿ ಚೀಟು ಹಾಕಲು, ಅದು ಮತ್ತೀಯನಿಗೆ ಬಂದಿತೆಂದು ಅಪೊಸ್ತಲರ ಕೃತ್ಯಗಳ ೧ನೆಯ ಅಧ್ಯಾಯದಲ್ಲಿದೆ. ಪೇತ್ರನ ಹೆಸರಿನ ಮೊದಲನೆಯ ಪತ್ರದ ೫ನೆಯ ಅಧ್ಯಾಯದಲ್ಲಿ ಸಭೆಯ ಹಿರಿಯರಿಗೆ ಒಂದು ಬುದ್ಧಿವಾದವಿದೆ: ನಿಮ್ಮ ವಶಕ್ಕೆ ಕೊಟ್ಟವರ ಮೇಲೆ ದೊರೆತನ ಮಾಡದೆ ಅವರಿಗೆ ಮಾದರಿಯಾಗಿರಬೇಕೆಂದು ಅದರ ತಾತ್ಪರ್ಯ. ಇಲ್ಲಿ ‘ಕ್ಲೇರೋಸ್’ ಎನಿಸಿದವರು ಹಿರಿಯರಲ್ಲ. ಅವರ ಪಾಲನೆಗೆ ಒಪ್ಪಿಸಿದ ಸಾಮಾನ್ಯ ಭಕ್ತರು! ಗುರುವಿನ ಪಾಲಿಗೆ ಬಂದ ಸೊತ್ತು ಶಿಷ್ಯರೇ ಎಂದಂತಾಯಿತು.

ಆದಾಗ್ಯೂ ಸಭೆಯು ಬೆಳೆದಂತೆಲ್ಲ ವಿಭಾಗವೂ ಬೆಳೆಯಿತು. ೧ನೆಯ ಶತಮಾನದ ಕೊನೆಯಲ್ಲಿ ರೋಮಿನ ಕ್ಲೆಮೆಂಟನ ಹೆಸರಿನಿಂದ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಾಮಾನ್ಯ ಭಕ್ತನನ್ನು ಕುರಿತ ‘ಲಾಯಿಕೋಸ್’ ಶಬ್ದವು ಕಾಣಿಸಿಕೊಳ್ಳುತ್ತದೆ. ೩ನೆಯ ಶತಮಾನದ ಆದಿಯಲ್ಲಿ ಉತ್ತರ ಆಫ್ರಿಕದ ಕಾರ್ಥೇಜ ಪಟ್ಟಣದ ಟೆರ್ಟುಲಿಯನನು ಲ್ಯಾಟಿನಿನಲ್ಲಿ ‘ಕ್ಲೇರುಸ್’ ಶಬ್ದವನ್ನು ಧರ್ಮಾಧಿಕಾರಿಗಳ ವರ್ಗಕ್ಕೆ ಬಳಸಿದನು. ೪ನೆಯ ಶತಮಾನದಲ್ಲಿ ಕಾನ್‌ಸ್ಟಂಟೈನ ಚಕ್ರವರ್ತಿಯು ಕ್ಲೇರಿಕಿ ಎನಿಸಿಕೊಳ್ಳುವವರನ್ನು ಪೌರಕರ್ತವ್ಯಗಳ ಹೊರೆಯಿಂದ ಬಿಡುಗಡೆ ಮಾಡಿದನು. ದೇವಸೇವೆಗೆ ತೊಡಕಾಗದಿರಲಿ ಎಂಬುದೇ ಅವನ ಉದ್ದೇಶ. ಆದರೆ ಅಂದಿನಿಂದ ಆ ಹೆಸರಿನಲ್ಲಿ ಒಂದು ಲಾಭವೂ ಸೇರಿತು. ಲಾಭವಿರುವ ಹೆಸರನ್ನು ಬಯಸುವವರು ಲೋಕದಲ್ಲಿ ಯಾವಾಗಲೂ ಬಹು ಮಂದಿ. ಏನೂ ಇಲ್ಲದವನೆಂಬುದಕ್ಕೆ ಗುರುತಾಗಿದ್ದ ಶಬ್ದವು ಏನನ್ನೋ ಪಡೆಯುವುದಕ್ಕೆ ದಾರಿಯಾಯಿತು.

ಈ ಅಪಾಯವನ್ನು ಮೊದಲೇ ಕಂಡು ಎಚ್ಚರಿಸಿದವನು ಜೆರೋಮನು. ಸತ್ಯವೇದವನ್ನು ಲ್ಯಾಟಿನಿಗೆ ಪರಿವರ್ತಿಸಿ ಪ್ರಸಿದ್ಧನಾದ ಈ ಪಂಡಿತನು ಸುಮಾರು ೩೯೪ರಲ್ಲಿ ನೆಪೋಶಿಯನನೆಂಬ ತರುಣ ಧರ್ಮಾಧಿಕಾರಿಗೆ ಬರೆದ ಪತ್ರದಲ್ಲಿ ಈ ಶಬ್ದಾರ್ಥವನ್ನೇ ಉಪದೇಶಕ್ಕೆ ಆಧಾರ ಮಾಡಿಕೊಂಡಿದ್ದಾನೆ. ಕ್ಲೇರಿಕುಸನಾದವನು ಮೊಟ್ಟಮೊದಲು ತನ್ನ ಹೆಸರಿನ ಅರ್ಥವನ್ನು ತಿಳಿಯಬೇಕು, ತಿಳಿದು ಆ ಹೆಸರು ಹೇಳುವಂತೆ ಆಗಲು ಯತ್ನಿಸಬೇಕೆಂಬುದು ಅವನ ಆಶಯ. ಹೆಸರಿಗೆ ಅವನು ಎರಡು ಬಗೆಯಲ್ಲಿ ಅರ್ಥ ಹೇಳುತ್ತಾನೆ. ಇವರು ದೇವರ ಪಾಲಿಗೆ ಸೇರಿದವರು ಎಂಬುದೊಂದು. ದೇವರೇ ಇವರ ಪಾಲು ಎಂಬುದು ಮತ್ತೊಂದು. ದೇವರು ಪಾಲಾದ ಮೇಲೆ ಚಿನ್ನ, ಬೆಳ್ಳಿ, ಆಸ್ತಿಗಳು ಆತನೊಡನೆ ಸೇರಿ ಪಾಲಾಗಲಾರವೆಂಬುದು ಇದರಿಂದ ಹೊರಡುವ ತೀರ್ಮಾನ. ಬಡವನಾಗಿ ಬಂದು ಧನಿಕನಾದ, ವ್ಯಾಪಾರದಲ್ಲಿ ತೊಡಗಿದ ಧರ್ಮಾಧಿಕಾರಿಯನ್ನು ಪಿಡುಗಿನಂತೆ ದೂರವಿಡಬೇಕೆಂದೂ, ಬೋಧಕನ ನಡತೆಯು ಅವನ ಮಾತನ್ನು ನಾಚಿಸಬಾರದೆಂದೂ ಅವನು ಎಚ್ಚರಿಸುತ್ತಾನೆ. ವಿದ್ಯೆಯಲ್ಲಿ ಆ ಕಾಲಕ್ಕೆ ಎಣೆಯಿಲ್ಲದ ಜೆರೋಮನು ಕ್ಲೇರಿಕುಸನ ಲಕ್ಷಣವನ್ನು ಹೇಳುವಾಗ ಹೆಸರಿನ ಅರ್ಥವನ್ನು ವಿದ್ಯೆಯಿಂದಲ್ಲ, ತ್ಯಾಗದಿಂದ ಆರಂಭಿಸಿದನೆಂಬುದು ಚಿಂತನೀಯ. ೬೩೬ರಲ್ಲಿ ಕಾಲವಾದ ಸೆವಿಲ್ಯದ ಇಸಿಡೋರನಾದರೋ ತನ್ನ ಶಬ್ದಮೂಲಗಳ ಗ್ರಂಥದಲ್ಲಿ ಮತ್ತೀಯನ ಚೀಟಿಯನ್ನೇ ಹೆಸರಿಗೆ ಕಾರಣವಾಗಿ ಹೇಳಿದ್ದಾನೆ.

ಇನ್ನು ವಿದ್ಯೆಯ ಅರ್ಥವು ಶಬ್ದಕ್ಕೆ ಬಂದ ಬಗೆ. ೫ನೆಯ ಶತಮಾನದಲ್ಲಿ ಪಶ್ಚಿಮದ ರೋಮನ್ ಸಾಮ್ರಾಜ್ಯವು ಕುಸಿದ ಮೇಲೆ ಹಳೆಯ ಪಾಠಶಾಲೆಗಳು ಕ್ರಮೇಣ ಮರೆಯಾದವು. ಓದು ಬರಹಗಳು ಬಹುಮಟ್ಟಿಗೆ ಮಠಗಳನ್ನೂ ದೊಡ್ಡ ದೇವಾಲಯಗಳನ್ನೂ ಆಶ್ರಯಿಸಿ ಉಳಿದವು. ೭೮೯ರಲ್ಲಿ ಶಾರ್ಲಮೇನ ದೊರೆಯು ಮಠಗಳಲ್ಲಿಯೂ ಬಿಷಪ್ಪರ ಪೀಠಗಳಲ್ಲಿಯೂ ಹುಡುಗರಿಗೆ ಶಾಲೆಗಳಿರಬೇಕೆಂದು ಆಜ್ಞೆ ಮಾಡಿದನು. ದೀಪವಿದ್ದ ಮನೆಯೊಂದೇ ಆದಾಗ ಬೆಳಕಿಗೂ ಆ ಮನೆಗೂ ಒಂದೇ ಹೆಸರಾಗುವುದು ಸಹಜ. ಕ್ಲೇರಿಕುಸ್ ಎಂದರೆ ಓದುಬಲ್ಲವನು, ಲಾಯಿಕುಸ್ ಎಂದರೆ ಓದುಬಾರದವನು ಎಂದು ರೂಢಿಯಾಯಿತು. ೧೨ನೆಯ ಶತಮಾನದಲ್ಲಿ ಹಾರ್ವೆಂಗಿನ ಫಿಲಿಪನೆಂಬ ಮಠಾಧಿಪತಿಯು ಈ ರೂಢಿಯನ್ನು ಗುರುತಿಸಿ ಬರೆದಿದ್ದಾನೆ. ಅಕ್ಷರ ಬಲ್ಲ ಯೋಧನೊಬ್ಬನನ್ನು ಓದುಬಾರದ ಪುರೋಹಿತನ ಪಕ್ಕದಲ್ಲಿ ನಿಲ್ಲಿಸಿದರೆ, ಜನರು ಯೋಧನನ್ನೇ ಮೇಲಾದ ಕ್ಲೇರಿಕುಸನೆನ್ನುತ್ತಾರಂತೆ. ಇದು ಸರಿಯಾದ ಮಾತಲ್ಲವೆಂಬುದನ್ನೂ ಆತನು ಬಲ್ಲನು. ಏಕೆಂದರೆ ಆ ಹೆಸರು ಪದವಿಯದು, ಓದಿನದಲ್ಲ. ಆದರೆ ರೂಢಿಯ ಬಲದ ಮುಂದೆ ವ್ಯಾಕರಣವು ನಿಲ್ಲದು.

ವಿಶ್ವವಿದ್ಯಾಲಯಗಳು ಹುಟ್ಟಿದಾಗ ವಿದ್ಯಾರ್ಥಿಗಳೂ ಕ್ಲೇರಿಕಿ ವರ್ಗದಲ್ಲಿಯೇ ಎಣಿಸಲ್ಪಟ್ಟರು. ೧೨೦೦ರಲ್ಲಿ ಫ್ರಾನ್ಸಿನ ದೊರೆ ಎರಡನೆಯ ಫಿಲಿಪನು ಪ್ಯಾರಿಸಿನ ವಿದ್ಯಾರ್ಥಿಗಳ ವಿಚಾರಣೆಯನ್ನು ಧರ್ಮಪೀಠದ ನ್ಯಾಯಸ್ಥಾನಕ್ಕೆ ವಹಿಸಿದನು. ನಡುನೆತ್ತಿಯ ಕೂದಲನ್ನು ಕತ್ತರಿಸುವ ಸಂಸ್ಕಾರವು ಈ ವರ್ಗಕ್ಕೆ ಪ್ರವೇಶದ್ವಾರವಾಗಿತ್ತು. ರೋಮನ್ ಕ್ಯಾಥೊಲಿಕ ಸಭೆಯಲ್ಲಿ ಈ ಸಂಸ್ಕಾರವನ್ನು ೧೯೭೨ರಲ್ಲಿ ಆರನೆಯ ಪೌಲ ಪೋಪರು ನಿಲ್ಲಿಸಿದರು. ಈ ವಿದ್ಯಾರ್ಥಿವರ್ಗದ ಒಂದು ಸುಂದರ ಚಿತ್ರವನ್ನು ೧೪ನೆಯ ಶತಮಾನದ ಕೊನೆಯಲ್ಲಿ ಆಂಗ್ಲ ಕವಿ ಚಾಸರನು ತನ್ನ ಕ್ಯಾಂಟರ್ಬರಿ ಕಥೆಗಳಲ್ಲಿ ಕೊಟ್ಟಿದ್ದಾನೆ. ಆಕ್ಸ್‌ಫರ್ಡಿನ ಈ ಕ್ಲಾರ್ಕನು ಬಡಕಲು ಕುದುರೆಯನ್ನೇರಿ, ನವೆದುಹೋದ ನಿಲುವಂಗಿಯನ್ನು ತೊಟ್ಟು ಬರುತ್ತಾನೆ. ಬೆಲೆಬಾಳುವ ವಸ್ತ್ರಕ್ಕಿಂತ ತಲೆದಿಂಬಿನ ಬಳಿ ಇಪ್ಪತ್ತು ಗ್ರಂಥಗಳಿರುವುದು ಅವನಿಗೆ ಪ್ರಿಯ. ಸ್ನೇಹಿತರು ಕೊಟ್ಟ ಹಣವನ್ನೆಲ್ಲ ಗ್ರಂಥಗಳಿಗೆ ಸುರಿದು, ಕೊಟ್ಟವರ ಆತ್ಮಕ್ಕಾಗಿ ಪ್ರಾರ್ಥಿಸುತ್ತಾನೆ. ಕಲಿಯುವುದರಲ್ಲಿಯೂ ಕಲಿಸುವುದರಲ್ಲಿಯೂ ಅವನಿಗೆ ಸಮಾನವಾದ ಸಂತೋಷ. ಲೇವಿಯ ಬರಿಗೈಯೂ ಹೊಸ ಕಾಲದ ವಿದ್ಯೆಯೂ ಈ ಒಬ್ಬನಲ್ಲಿ ಕೂಡಿಕೊಂಡಿವೆ.

ಆದರೆ ಅದೇ ಇಂಗ್ಲೆಂಡಿನಲ್ಲಿ ಈ ಹೆಸರಿನ ಮತ್ತೊಂದು ಮುಖವೂ ಬೆಳೆಯಿತು. ಧರ್ಮಾಧಿಕಾರಿಗಳ ಅಪರಾಧಗಳನ್ನು ಯಾರು ವಿಚಾರಿಸಬೇಕೆಂಬ ವ್ಯಾಜ್ಯವು ಎರಡನೆಯ ಹೆನ್ರಿ ದೊರೆಗೂ ಆರ್ಚ್‌ಬಿಷಪ್ ಥಾಮಸ್ ಬೆಕೆಟನಿಗೂ ನಡೆದು, ೧೧೭೦ರಲ್ಲಿ ಬೆಕೆಟನ ಕೊಲೆಯಾಯಿತು. ಬಳಿಕ ಕ್ಲಾರ್ಕನೆನಿಸಿದವನಿಗೆ ಅನೇಕ ಅಪರಾಧಗಳಲ್ಲಿ ರಾಜನ ಗಲ್ಲಿನಿಂದ ರಕ್ಷಣೆಯು ದೊರೆಯಿತು. ಇವನು ಕ್ಲಾರ್ಕನೇ ಅಲ್ಲವೇ ಎಂದು ತಿಳಿಯುವುದು ಹೇಗೆ? ಓದಿಸಿ ನೋಡುವುದು! ಹೀಗೆ ೧೪ನೆಯ ಶತಮಾನದ ವೇಳೆಗೆ ಓದಬಲ್ಲ ಪುರುಷನು ಯಾವ ವೃತ್ತಿಯವನಾದರೂ ಕ್ಲಾರ್ಕನೆಂದು ಹೇಳಿಕೊಂಡು ಪಾರಾಗುವ ದಾರಿ ತೆರೆಯಿತು. ಪರೀಕ್ಷೆಗೆ ಸಾಮಾನ್ಯವಾಗಿ ಕೊಡುತ್ತಿದ್ದುದು ಕೀರ್ತನೆಗಳ ಗ್ರಂಥದಲ್ಲಿ ೫೧ನೆಯ ಕೀರ್ತನೆಯ ಆರಂಭ. ಅದು ಪಾಪಿಯು ಪಶ್ಚಾತ್ತಾಪದಿಂದ ಕರುಣೆಯನ್ನು ಬೇಡುವ ಪ್ರಾರ್ಥನೆ. ಜನರು ಅದಕ್ಕೆ ಕುತ್ತಿಗೆಯ ಶ್ಲೋಕವೆಂದು ಹೆಸರಿಟ್ಟರು. ಅಕ್ಷರ ಬಾರದವರೂ ಅದನ್ನು ಬಾಯಿಪಾಠ ಮಾಡಿ ಕುತ್ತಿಗೆಯನ್ನು ಉಳಿಸಿಕೊಳ್ಳುತ್ತಿದ್ದರು. ೧೪೮೯ರ ಶಾಸನದಂತೆ ಇಂತಹ ಸಾಮಾನ್ಯರ ಹೆಬ್ಬೆರಳಿಗೆ ಬರೆ ಹಾಕಿ, ಎರಡನೆಯ ಸಲ ಈ ರಕ್ಷಣೆಯನ್ನು ಕೊಡದಂತೆ ಏರ್ಪಡಿಸಲಾಯಿತು. ನಾಟಕಕಾರ ಬೆನ್ ಜಾನ್ಸನನು ೧೫೯೮ರಲ್ಲಿ ದ್ವಂದ್ವಯುದ್ಧದಲ್ಲಿ ಒಬ್ಬನನ್ನು ಕೊಂದು ಹೀಗೆಯೇ ಬದುಕಿಕೊಂಡನು. ಓದಿನ ಪರೀಕ್ಷೆಯು ೧೭೦೬ರ ಶಾಸನದಿಂದಲೂ, ಈ ವಿಶೇಷ ರಕ್ಷಣೆಯು ೧೮೨೭ರಲ್ಲಿಯೂ ರದ್ದಾದವು. ಪಶ್ಚಾತ್ತಾಪದ ಮಾತನ್ನು ಪಶ್ಚಾತ್ತಾಪವಿಲ್ಲದೆ ಓದಿ ಪ್ರಾಣವನ್ನು ಉಳಿಸಿಕೊಳ್ಳುವುದು, ದೇವರ ಪಾಲೆಂಬ ಹೆಸರು ತಲುಪಿದ ಅತಿ ತಗ್ಗಿನ ಸ್ಥಳವೆಂದು ಹೇಳಬಹುದು. ವಿದ್ಯೆಯು ಇಲ್ಲಿ ಅರಿವಲ್ಲ, ಗುರಾಣಿ.

ಯೂರೋಪಿನ ಭಾಷೆಗಳಲ್ಲಿ ಈ ಶಬ್ದದ ರೂಪಗಳು ಹಲವು. ಒಂದೊಂದು ರೂಪವೂ ಒಂದೊಂದು ಅರ್ಥವನ್ನು ಹಿಡಿದುಕೊಂಡಿದೆ. ಫ್ರೆಂಚರಲ್ಲಿ ‘ಕ್ಲೇರ್’ ಎಂದರೆ ಧರ್ಮಾಧಿಕಾರಿ, ವಿದ್ವಾಂಸ, ಗುಮಾಸ್ತ ಈ ಮೂವರೂ ಆಗಬಹುದು, ವರ್ಗಕ್ಕೆ ‘ಕ್ಲೆರ್ಜೆ’. ಇಟಲಿಯಲ್ಲಿ ‘ಕಿಯೇರಿಕೊ’, ಮತ್ತು ‘ಕಿಯೇರಿಕ’ ಎಂದರೆ ನೆತ್ತಿಯ ಕೂದಲು ತೆಗೆದ ಜಾಗ. ಸ್ಪೇನಿನಲ್ಲಿ ‘ಕ್ಲೆರಿಗೊ’, ೧೩ನೆಯ ಶತಮಾನದಲ್ಲಿ ಪಂಡಿತಕವಿಗಳ ಕಾವ್ಯಮಾರ್ಗಕ್ಕೆ ಇದರಿಂದಲೇ ಹೆಸರು ಬಂದಿತು. ಜರ್ಮನಿಯಲ್ಲಿ ‘ಕ್ಲೇರಿಕರ್’, ಪೋಲೆಂಡಿನಲ್ಲಿ ‘ಕ್ಲೆರಿಕ್’ ಎಂದರೆ ಗುರುಪದವಿಗೆ ಓದುತ್ತಿರುವ ವಿದ್ಯಾರ್ಥಿ. ರಷ್ಯದಲ್ಲಿ ‘ಕ್ಲಿರಿಕ್’ ಎಂದರೆ ಧರ್ಮಾಧಿಕಾರಿ. ‘ಕ್ಲಿರೊಸ್’ ಎಂದರೆ ದೇವಾಲಯದಲ್ಲಿ ಗಾಯಕರು ನಿಲ್ಲುವ ಸ್ಥಾನ. ಇವಲ್ಲದೆ ಆಂಗ್ಲರಿಂದ ಪುನಃ ಬಂದ ‘ಕ್ಲೆರ್ಕ್’ ಎಂದರೆ ಕಚೇರಿಯ ನೌಕರ. ಆಂಗ್ಲರಲ್ಲಿ ಒಂದೇ ಬೀಜವು ‘ಕ್ಲೆರಿಕ್’ ಎಂದೂ ‘ಕ್ಲಾರ್ಕ್’ ಎಂದೂ ಎರಡು ಗಿಡಗಳಾಯಿತು. ಮೊದಲನೆಯದು ದೇವಾಲಯದಲ್ಲಿ ಉಳಿಯಿತು, ಎರಡನೆಯದು ಲೆಕ್ಕದ ಪುಸ್ತಕದ ಬಳಿಗೆ ಹೋಯಿತು. ಕ್ಲಾರ್ಕ್, ಲೆಕ್ಲೇರ್ ಎಂಬ ಮನೆತನದ ಹೆಸರುಗಳೂ ಇದೇ ಮೂಲದವು.

ಎರಡನೆಯದೇ ಆಂಗ್ಲರ ಆಳ್ವಿಕೆಯೊಡನೆ ಕನ್ನಡ ನಾಡಿಗೂ ಬಂದಿತು. ಇಲ್ಲಿ ಆ ಕೆಲಸಕ್ಕೆ ಶಬ್ದಗಳಿಲ್ಲದೆ ಇರಲಿಲ್ಲ. ಕರಣಿಕ, ಶಾನುಭೋಗ ಎಂಬ ಹೆಸರುಗಳಿದ್ದವು. ಪಾರಸಿಯಿಂದ ಬಂದ ಗುಮಾಸ್ತ, ಕಾರಕೂನ ಎಂಬವೂ ಇದ್ದವು. ಗುಮಾಸ್ತನೆಂದರೆ ನೇಮಿಸಲ್ಪಟ್ಟವನು, ಕಾರಕೂನನೆಂದರೆ ಕೆಲಸ ಮಾಡುವವನು. ಈ ಎರಡೂ ಹೆಸರುಗಳು ತಮ್ಮ ಕೆಲಸವನ್ನೇ ಹೇಳುತ್ತವೆ. ಕ್ಲಾರ್ಕನೆಂಬ ಹೆಸರಿನಲ್ಲಿಯಾದರೋ ಮರೆತುಹೋದ ದೇವರೊಬ್ಬನು ಅಡಗಿದ್ದಾನೆ. ಹಾಗೆಂದು ಕಚೇರಿಯ ಬರಹಗಾರನನ್ನು ಕೀಳಾಗಿ ಕಾಣಬಾರದು. ಬಡವನ ಅರ್ಜಿಯನ್ನು ಲಂಚವಿಲ್ಲದೆ, ಅಕ್ಷರ ತಪ್ಪದೆ ಬರೆದುಕೊಡುವವನು, ಹೆಸರಿನ ಅರ್ಥವನ್ನು ಅರಿಯದಿದ್ದರೂ, ಹೆಸರಿಗೆ ಹತ್ತಿರದಲ್ಲಿಯೇ ಇದ್ದಾನೆ.

ಪಾಶ್ಚಾತ್ಯ ಚಿಂತಕರೂ ಈ ಹಳೆಯ ಶಬ್ದವನ್ನು ಮರಳಿ ಎತ್ತಿಹಿಡಿದುದುಂಟು. ಆಂಗ್ಲ ಕವಿ ಕೋಲ್‌ರಿಜನು ೧೮೩೦ರ ತನ್ನ ಗ್ರಂಥದಲ್ಲಿ, ರಾಷ್ಟ್ರದ ಜ್ಞಾನವನ್ನು ಕಾಪಾಡಿ ಹಳ್ಳಿಹಳ್ಳಿಗೂ ಹಂಚತಕ್ಕ ವಿದ್ವಜ್ಜನರ ಸಮುದಾಯಕ್ಕೆ ‘ಕ್ಲೆರಿಸಿ’ ಎಂದು ಹೆಸರು ಕೊಟ್ಟನು. ಫ್ರಾನ್ಸಿನ ಜೂಲಿಯನ್ ಬೆಂದಾ ಎಂಬವನು ೧೯೨೭ರಲ್ಲಿ ವಿದ್ವಾಂಸರ ದ್ರೋಹವನ್ನು ಕುರಿತು ಗ್ರಂಥವನ್ನು ಬರೆದಾಗ ಅವರನ್ನು ಕರೆದುದು ‘ಕ್ಲೇರ್’ ಎಂದೇ. ಲಾಭನಷ್ಟಗಳನ್ನು ಮೀರಿ ಸತ್ಯನ್ಯಾಯಗಳನ್ನು ಕಾಯಬೇಕಾದವರು ಜನಾಂಗದ್ವೇಷಕ್ಕೂ ಪಕ್ಷದ ಆವೇಶಕ್ಕೂ ಲೇಖನಿಯನ್ನು ಒಪ್ಪಿಸಿದರೆಂಬುದು ಅವನ ಆಪಾದನೆ. ಪಾಲು ಬೇಡವೆಂದವನೇ ಪಕ್ಷವಹಿಸದೆ ನುಡಿಯಬಲ್ಲನು. ಪಾಲಿಗೆ ಕೈಚಾಚಿದವನ ನಾಲಗೆ ಕೊಟ್ಟವನ ವಶ.

ಇದುವರೆಗಿನ ವಿಚಾರದಿಂದ ತಿಳಿದುಬರುವುದೇನೆಂದರೆ, ಈ ಶಬ್ದದ ಚರಿತ್ರೆಯು ಪೂರ್ತಿಯಾಗಿ ಪತನದ ಕಥೆಯೂ ಅಲ್ಲ, ಏಳಿಗೆಯ ಕಥೆಯೂ ಅಲ್ಲ. ಒಂದು ವರ್ಗದ ಗುರುತಾಗಿದ್ದ ಓದು ಬರಹವು ಸರ್ವರ ಸೊತ್ತಾದುದರಿಂದಲೇ ಕ್ಲಾರ್ಕನು ಸಾಮಾನ್ಯನಾದನು. ಇದು ನಷ್ಟವಲ್ಲ; ಜನರೆಲ್ಲರೂ ದೇವರ ಪಾಲೆಂಬ ಮೊದಲ ಮಾತಿಗೆ ಲೋಕವು ಮರಳಿದಂತೆ. ನಷ್ಟವಾದುದು ಬೇರೊಂದು. ಓದು ಎಲ್ಲೆಡೆ ಹರಡಿತು. ಓದಿದವನು ಏನನ್ನು ಬಿಡಬೇಕೆಂಬ ನೆನಪು ಹಾಗೆ ಹರಡಲಿಲ್ಲ. ಹೆಸರಿನ ಎರಡು ಅರ್ಧಗಳಲ್ಲಿ ಪಡೆಯುವ ಅರ್ಧವನ್ನು ಕಾಲವು ಉಳಿಸಿತು, ಕೊಡುವ ಅರ್ಧವನ್ನು ಮರೆಯಿಸಿತು.

ಧರ್ಮಗ್ರಂಥವನ್ನು ಬಲ್ಲವರು ಯಾವ ದೇಶದವರೇ ಆಗಲಿ, ಅವರ ಮುಂದೆ ಜೆರೋಮನ ಪ್ರಶ್ನೆಯು ಇಂದಿಗೂ ಹಾಗೆಯೇ ನಿಂತಿದೆ: ನಿನ್ನ ಹೆಸರಿನ ಅರ್ಥವೇನು, ನೀನು ಅದಾಗಿರುವೆಯೋ? ಇದಕ್ಕೆ ಗ್ರಂಥವನ್ನು ತೆರೆದು ಉತ್ತರ ಹೇಳಲಾಗದು. ಮನೆಯಲ್ಲಿ ಏನಿದೆ, ಕೈಯಲ್ಲಿ ಏನಿದೆ, ತನ್ನ ವಶಕ್ಕೆ ಒಪ್ಪಿಸಿದ ಜನರು ತನ್ನಿಂದ ಹೆದರಿದ್ದಾರೆಯೋ ಬೆಳೆದಿದ್ದಾರೆಯೋ ಎಂಬುದನ್ನು ನೋಡಿಯೇ ಉತ್ತರ ಹೇಳಬೇಕು. ಅಯಾಸನು ತನ್ನ ಚೀಟಿಯ ಮೇಲಿನ ಗುರುತನ್ನು ಕಂಡಾಕ್ಷಣ ಇದು ತನ್ನದೆಂದು ಒಪ್ಪಿ ರಣಕ್ಕೆ ನಡೆದನು. ವಿದ್ಯಾವಂತನ ಪಾಲಿಗೆ ಬಂದ ಚೀಟಿಯ ಮೇಲೆಯೂ ಒಂದು ಗುರುತಿದೆ. ಅದನ್ನು ಪರರು ಓದಿ ಹೇಳಲಾರರು. ಅವನೇ ಗುರುತಿಸಿ ತನ್ನದೆಂದು ಒಪ್ಪಿಕೊಳ್ಳಬೇಕು.